ಹಸಿರು ಏಪ್ರನ್ನಿನವರು

ನೆಲಕ್ಕೆ ಬಿದ್ದ ರಕ್ತವನ್ನು ತಣ್ಣೀರಿನಲ್ಲೇ ತೊಳೆಯಬೇಕು. ಬಿಸಿನೀರು ಸುರಿದರೆ ಅದು ಕಲ್ಲಿಗೆ ಕಚ್ಚಿಕೊಂಡು ಕೂರುತ್ತದೆ. ಹೆರಿಗೆ ವಾರ್ಡಿನಲ್ಲಿ ನಾನು ಕಲಿತ ಮೊದಲ ಪಾಠ ಇದು. ಕಲಿಸಿದವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ನನಗಿಂತ ಕೆಲವು ವಾರ ಮೊದಲು ಆ ವಾರ್ಡಿಗೆ ಟ್ರೇನಿಯಾಗಿ ಬಂದಿದ್ದ ಜೈನಬಕ್ಕ. ಆಕೆಯ ಮನೆಯೂ ಗೋವಾದ ಬಂದರಿನ ಹತ್ತಿರದ ನಮ್ಮ ಮಂಗೋರ್ ಹಿಲ್‌ನಲ್ಲೇ, ನಮ್ಮ ಗುಡಿಸಲಿನಿಂದ ಮೇಲಿನ ಸಾಲಿನಲ್ಲಿ.

"ಬಾಳವ್ವ, ಮೂಗಿನಿಂದ ಉಸರಾ ತಗೀಬ್ಯಾಡ. ಬಾಯಿಂದ ತಗಿ. ಎಂಟ ದಿನದಾಗ ರೂಢಿ ಆಕ್ಕತಿ," ಎಂದಿದ್ದಳು. ರೂಢಿಯಾಯಿತು. ರೂಢಿಯಾಗದ ವಿಷಯಗಳು ಬೇರೆ ಇದ್ದವು.

ಗೋವಾ ರಾಜ್ಯವಾದ ಮರುವರ್ಷದ ಮಾತು. ಹತ್ತನೆಯ ಇಯತ್ತೆ ಪಾಸಾದ ಬಡವರ ಮಕ್ಕಳು ಸರಕಾರಿ ಆಸ್ಪತ್ರೆ, ವರ್ಕ್‌ಶಾಪು, ಆಫೀಸುಗಳಲ್ಲಿ ಒಂದು ವರ್ಷ ಕೆಲಸ ಕಲಿಯುವ ಯೋಜನೆ ಬಂತು. ಕಲಿಯುವಾಗ ಕೈಖರ್ಚಿಗಾಗುವಷ್ಟು ಸ್ಟೈಪೆಂಡ್. ಚೆನ್ನಾಗಿ ಕಲಿತವರನ್ನು ಪರ್ಮನೆಂಟ್ ಮಾಡುತ್ತೇವೆ ಎಂದು ಮೊದಲ ದಿನವೇ ಎಲ್ಲರನ್ನೂ ಕೂರಿಸಿ ಸಾಹೇಬರೊಬ್ಬರು ಭಾಷಣ ಮಾಡಿದರು. ನಾವು ಚಪ್ಪಾಳೆ ತಟ್ಟಿದೆವು. ನಾನಂತೂ ಅಂಗೈ ಉರಿಯುವ ಹಾಗೆ ತಟ್ಟಿದೆ.

ಪರ್ಮನೆಂಟ್ ಎಂದರೆ ಏನು ಎನ್ನುವುದು ಮಂಗೋರ್ ಹಿಲ್‌ನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನಪ್ಪ ಲಕ್ಷ್ಮಪ್ಪ ಬಂದರಿನಲ್ಲಿ ಅದಿರು ತುಂಬುವ ಕೂಲಿ. ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲಬೇಕು. ಮುಕಾದಮ ಬೆರಳು ತೋರಿಸಿದವರು ಒಳಗೆ, ಉಳಿದವರು ಮನೆಗೆ. ಬೆರಳು ತನ್ನ ಕಡೆ ತಿರುಗಲಿ ಎಂದು ಅಪ್ಪ ಎದೆ ಉಬ್ಬಿಸಿ ನಿಲ್ಲುತ್ತಿದ್ದುದನ್ನು ನಾನು ಬುತ್ತಿ ಕೊಡಲು ಹೋದಾಗ ನೋಡಿದ್ದೇನೆ. ಐವತ್ತರ ಮನುಷ್ಯ, ಕೆಮ್ಮು ತಡೆದುಕೊಂಡು ಎದೆ ಉಬ್ಬಿಸುತ್ತಿದ್ದ. ಪರ್ಮನೆಂಟ್ ಎಂದರೆ ಯಾರ ಬೆರಳನ್ನೂ ನೋಡದೆ ಕೆಲಸಕ್ಕೆ ಹೋಗುವುದು. ನನಗೆ ಬೇಕಿದ್ದದ್ದು ಅಷ್ಟೇ.

ಆಸ್ಪತ್ರೆಯ ಹೆಸರು ಬೇಡ. ಎಲ್ಲ ಕಡೆ ಇದೇ ಕಥೆ. ನಮಗೆ ಹಸಿರು ಏಪ್ರನ್ ಕೊಟ್ಟರು. ಪರ್ಮನೆಂಟ್ ಆಯಾಗಳದು ಬಿಳಿ ಏಪ್ರನ್. ಕೆಲಸ ಒಂದೇ. ಅಲ್ಲ, ಒಂದೇ ಅಲ್ಲ. ಬಿಳಿಯವರು ಕೂಸನ್ನು ಹೊರಗೆ ಒಯ್ದು ಮನೆಯವರಿಗೆ ತೋರಿಸುತ್ತಾರೆ, ಅವರು ಕೊಟ್ಟ ಪೇಢೆ ತಿನ್ನುತ್ತಾರೆ. ಹಸಿರಿನವರು ಹೆರಿಗೆಯ ಮಾಸು ತುಂಬಿದ ಬಕೇಟು ಹೊತ್ತು ಹಿಂದಿನ ಬಾಗಿಲಿನಿಂದ ಗುಂಡಿಗೆ ಹೋಗುತ್ತಾರೆ. ಒಂದು ಬಕೇಟಿನ ಭಾರಕ್ಕೆ ಹೆಗಲು ಇಳಿಯುತ್ತಿತ್ತು. ಕೈಗೆ ಹಾಕಿಕೊಳ್ಳಲು ಏನೂ ಇಲ್ಲ. ಫಿನೈಲಿಗೆ ಬೆರಳ ಸಂದಿಯ ಚರ್ಮ ಸುಲಿದು, ರಾತ್ರಿ ಅನ್ನ ಕಲಸಲು ಆಗದೆ ಅವ್ವ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದಳು.

ಚಹಾದ ಹೊತ್ತಿನಲ್ಲಿ ಬಿಳಿಯವರಿಗೆ ಬೆಂಚು, ನಮಗೆ ಮೆಟ್ಟಿಲು. ಮೇಟ್ರನ್ ನಮ್ಮನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಆ ಘಾಂಟಿಯನ್ನು ಕರೆ" ಎನ್ನುತ್ತಿದ್ದಳು. ಘಾಂಟಿ ಎಂದರೆ ಘಟ್ಟದ ಆಚೆಯವರು. ನಮ್ಮ ಅಪ್ಪಂದಿರು ಕಟ್ಟಿದ ಗೋಡೆಗಳ ಒಳಗೆ ನಿಂತು ನಮಗೆ ಆಚೆಯವರು ಎನ್ನುತ್ತಿದ್ದರು. ನಾನು ಮೊದಮೊದಲು ನುಂಗಿಕೊಂಡೆ, ಒಂದು ವರ್ಷ ತಾನೇ ಎಂದು.

ವರ್ಷ ಮುಗಿಯಿತು. ಏಪ್ರನ್ ಒಗೆದು, ಮಡಿಚಿ ಒಪ್ಪಿಸಿ ಎಂದರು. ಒಪ್ಪಿಸಿದೆವು. ಒಂದು ತಿಂಗಳು ಮನೆಯಲ್ಲಿ ಕೂರಿಸಿ ಮತ್ತೆ ಕರೆದರು. "ಹೊಸ ಬ್ಯಾಚ್ ಸುರುವಾಗಿದೆ, ಬೇಕಿದ್ದರೆ ಸೇರಿಕೊಳ್ಳಿ." ಅದೇ ವಾರ್ಡು, ಅದೇ ಗುಂಡಿ. ನಾನು ಒಗೆದು ಕೊಟ್ಟಿದ್ದ ಏಪ್ರನ್ನೇ ನನ್ನ ಕೈಗೆ ವಾಪಸು ಬಂತು. ಜೇಬಿನ ಹತ್ತಿರ ನಾನೇ ಹಾಕಿದ್ದ ಹೊಲಿಗೆ ಇತ್ತು. ಮಾಡಿದ ಕೆಲಸವನ್ನೇ ನಾನು ಮತ್ತೆ ಮೊದಲಿನಿಂದ ಕಲಿಯತೊಡಗಿದೆ. ಮರುವರ್ಷವೂ ಹಾಗೇ. ಅದರ ಮರುವರ್ಷವೂ ಹಾಗೇ. ಆಸ್ಪತ್ರೆಗೆ ಆಯಾ ಸಿಕ್ಕಿದಳು, ಸರಕಾರಕ್ಕೆ ಆಯಾಳ ಸಂಬಳ ಉಳಿಯಿತು, ನನಗೆ ವಯಸ್ಸಾಯಿತು. ನಡುವೆ ಮದುವೆಯೂ ಆಯಿತು. ಗಂಡ ಕೇಶಪ್ಪ ನಮ್ಮ ಗುಡ್ಡದವನೇ, ಫೋಂಡಾದ ಕಡೆ ಕಟ್ಟಡಗಳಿಗೆ ಬಣ್ಣ ಹಚ್ಚುವವನು.

ತೊಂಬತ್ತೆರಡರಲ್ಲಿ ಕೊನೆಗೂ ಖಾಲಿ ಹುದ್ದೆಗಳ ನೋಟೀಸು ಅಂಟಿಸಿದರು. ತರಬೇತಿ ಆದವರಿಗೆ ಮೊದಲ ಅವಕಾಶ ಎಂದು ಅದರಲ್ಲೇ ಬರೆದಿತ್ತು. ಜೈನಬಕ್ಕ ತಾನೇ ಓದಿಕೊಂಡಿದ್ದರೂ ಅದನ್ನು ನನ್ನಿಂದ ಗಟ್ಟಿಯಾಗಿ ಓದಿಸಿ ಕೇಳಿ, ಮತ್ತೊಮ್ಮೆ ಓದು ಎಂದಳು. ಇಂಟರ್‌ವ್ಯೂ ದಿನ ನಾನು ಮದುವೆಯ ಸೀರೆ ಉಟ್ಟು ಹೋದೆ. ಹೊಟ್ಟೆಯಲ್ಲಿ ಐದು ತಿಂಗಳ ಕೂಸು. ಮೇಜಿನ ಆಚೆ ಸಾಹೇಬರು, ಮೇಟ್ರನ್, ಕಾಗದ ನೋಡುವ ಗುಮಾಸ್ತ. ಅವರು ಕೊಂಕಣಿಯಲ್ಲಿ ಕೇಳಿದರು, ನಾನೂ ಕೊಂಕಣಿಯಲ್ಲೇ ಹೇಳಿದೆ.

"ಕೆಲಸ ಬರುತ್ತದೆಯೇ?" ಎಂದು ಸಾಹೇಬರು ಮೇಟ್ರನ್‌ಳನ್ನು ಕೇಳಿದರು.

"ಕೆಲಸ ಬರುತ್ತದೆ," ಎಂದಳು ಮೇಟ್ರನ್. ಸುಳ್ಳು ಹೇಳಲಿಲ್ಲ, ಅದನ್ನು ನಾನು ಒಪ್ಪುತ್ತೇನೆ.

ಗುಮಾಸ್ತ ನನ್ನ ಶಾಲೆಯ ದಾಖಲೆ ಎತ್ತಿ ಹಿಡಿದ. "ಹುಟ್ಟಿದ್ದು ಬಿಜಾಪುರ ಜಿಲ್ಲೆ."

"ಹುಟ್ಟಿದ್ದಷ್ಟೇ ಅಲ್ಲಿ. ಬೆಳೆದದ್ದು, ಓದಿದ್ದು, ಮದುವೆಯಾದದ್ದು ಎಲ್ಲ ಇಲ್ಲೇ. ಅಪ್ಪ, ಅವ್ವ ನಾನು ಹುಟ್ಟುವ ಮೊದಲೇ ಇಲ್ಲಿಗೆ ಬಂದಿದ್ದರು."

"ಇಲ್ಲೇ ಇದ್ದವರು ಅಲ್ಲಿ ಹೇಗೆ ಹುಟ್ಟುತ್ತಾರೆ?"

ಮೂವರೂ ನಕ್ಕರು. ನಾನು ವಿವರಿಸಿದೆ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಅವ್ವನೂ ಬಸುರಿಯಾದಾಗ ಹೋದಳು. ಐದು ತಿಂಗಳ ಕೂಸನ್ನು ಎತ್ತಿಕೊಂಡು ವಾಪಸು ಬಂದಳು. ಆ ಕೂಸು ನಾನು. ಮಂಗೋರ್ ಹಿಲ್‌ನ ಮನೆ ಮನೆಯ ಹಿರಿ ಮಕ್ಕಳೆಲ್ಲ ಹೀಗೇ ಹುಟ್ಟಿದವರು ಎಂದೆ.

"ಅಂದರೆ ಹೊರಗಿನವಳೇ," ಎಂದು ಗುಮಾಸ್ತ ಕಾಗದ ಮಗುಚಿದ. "ಇಲ್ಲಿ ಹುಟ್ಟಿದವರ ಅರ್ಜಿಗಳು ಬೇಕಾದಷ್ಟಿವೆ."

ಜೈನಬಕ್ಕನಿಗೂ ಇದೇ ಉತ್ತರ. ಆಕೆಯ ಅಮ್ಮ ಮರಿಯಮಳ ತವರು ಬಾಗಲಕೋಟೆಯ ಕಡೆ, ಜೈನಬಕ್ಕ ಹುಟ್ಟಿದ್ದೂ ಅಲ್ಲೇ. ನಗು ಬರುವ ಸಂಗತಿ ಕೇಳಿ. ನನ್ನ ತಮ್ಮ ಗಣಪ್ಪ ಎರಡನೆಯವನು, ಅವನಿಗೆ ತವರಿನ ಬಾಣಂತನವಿಲ್ಲ, ಮಂಗೋರ್ ಹಿಲ್‌ನ ಗುಡಿಸಲಿನಲ್ಲೇ ಹುಟ್ಟಿದ. ಅವನೂ ಬೇರೆ ಇಲಾಖೆಯಲ್ಲಿ ಟ್ರೇನಿ. ಗುಡಿಸಲಿನಲ್ಲಿ ಹುಟ್ಟಿದ್ದಕ್ಕೆ ದಾಖಲೆ ಇಲ್ಲ ಎಂದು ಅವನನ್ನೂ ಹೊರಗಿಟ್ಟರು. ನನಗೆ ದಾಖಲೆ ಇದೆ, ಊರು ಸರಿಯಿಲ್ಲ. ಅವನಿಗೆ ಊರು ಸರಿಯಿದೆ, ದಾಖಲೆ ಇಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೆ ಎರಡು ಬಾಗಿಲು, ಎರಡಕ್ಕೂ ಬೀಗ.

ಆ ಸಂಜೆ ಅವ್ವನಿಗೆ ಇದನ್ನು ಹೇಳಿದ್ದು ನನ್ನ ಬದುಕಿನ ಅತ್ಯಂತ ಕಷ್ಟದ ಮಾತು. ಯಾಕೆಂದರೆ ಅವ್ವನ ಹತ್ತಿರ ಹೇಳಿಕೊಳ್ಳಲು ಇದ್ದದ್ದು ತವರಿನ ಆ ಬಾಣಂತನವೊಂದೇ ಸುಖ. ಅವಳ ಹೆಸರು ಹನುಮವ್ವ. ಹದಿನಾರಕ್ಕೆ ಮದುವೆ, ಹದಿನೇಳಕ್ಕೆ ಗೋವಾ, ಅಂದಿನಿಂದ ತಲೆಯ ಮೇಲೆ ಜಲ್ಲಿಕಲ್ಲಿನ ಬುಟ್ಟಿ. ನಡುವೆ ಆ ಒಂದು ಸಲ ತವರಿಗೆ ಹೋಗಿದ್ದಳು. ಅಣ್ಣ ಬಂಡಿ ಕಟ್ಟಿಕೊಂಡು ಬಸ್ಸಿಗೆ ಎದುರು ಬಂದಿದ್ದ. ತಾಯಿ ದಿನಾ ಎಣ್ಣೆ ಹಚ್ಚಿ, ಹಂಡೆ ತುಂಬ ಬಿಸಿನೀರು ಎರೆದು, ಹೊದಿಸಿ ಮಲಗಿಸುತ್ತಿದ್ದಳು. ಬಿಸಿ ಸಜ್ಜಕ, ತುಪ್ಪ. ಯಾರೂ ಅವಳನ್ನು ಏಳು ಎನ್ನಲಿಲ್ಲ. ನಾನು ಚಿಕ್ಕವಳಿದ್ದಾಗ ಅವ್ವ ಈ ಕಥೆಯನ್ನು ಬೇರೆಯವರು ದೇವರ ಕಥೆ ಹೇಳುವಂತೆ ಹೇಳುತ್ತಿದ್ದಳು. ಅವಳ ಜೀವಮಾನದಲ್ಲಿ ಸಿಕ್ಕ ಒಂದೇ ಒಂದು ರಜೆ ಅದು. ಆ ರಜೆಯನ್ನು ಸರಕಾರ ನನ್ನ ತಪ್ಪು ಎಂದು ಬರೆದುಕೊಂಡಿತ್ತು.

ಅವ್ವ ಎಲ್ಲ ಕೇಳಿಸಿಕೊಂಡಳು. ಒಲೆಯ ಮುಂದಿನಿಂದ ಏಳಲಿಲ್ಲ. "ನಾ ಹೋಗಬಾರದಿತ್ತೇನು?" ಎಂದಳು.

ಆ ಗುಮಾಸ್ತನನ್ನು ಎಳೆದು ತಂದು ಈ ಒಲೆಯ ಮುಂದೆ ಕೂರಿಸಿ, ಈಗ ಕೇಳು ಎನ್ನಬೇಕು ಅನಿಸಿತು. "ಹೋಗಿದ್ದು ಚಲೋ ಮಾಡಿದಿ ಬೇ," ಎಂದೆ.

ವಾರ ಕಳೆಯುವುದರಲ್ಲಿ ಹೊಸ ಆಯಾ ಬಂದಳು, ಶೇವಂತಿ. ಗೋವಾದ ದಕ್ಷಿಣದ ಕಾಣಕೋಣದ ಗುಡ್ಡದ ವಾಡಿಯವಳು, ಒಂದು ಮಗುವಿನ ತಾಯಿ. ಮೊದಲ ದಿನವೇ ಬಿಳಿ ಏಪ್ರನ್. ಮೇಟ್ರನ್ ಅವಳನ್ನು ನನ್ನ ಮುಂದೆ ನಿಲ್ಲಿಸಿ, "ಇವಳಿಗೆ ಕೆಲಸ ಕಲಿಸು," ಎಂದಳು.

ಕಲಿಸಿದೆ. ಹೊಟ್ಟೆ ಮುಂದೆ ಬಂದಿತ್ತು, ಬಗ್ಗಲು ಆಗುತ್ತಿರಲಿಲ್ಲ, ಆದರೂ ಮಂಡಿಯೂರಿ ಕೂತು ನೆಲ ಒರೆಸಿ ತೋರಿಸಿದೆ. ಬಕೇಟು ನೋಡಿ ಅವಳು ಗೋಡೆ ಹಿಡಿದು ವಾಂತಿ ಮಾಡಿದಳು. ಅವಳ ವಾಂತಿಯನ್ನೂ ನಾನೇ ತೊಳೆದೆ. ಅವಳನ್ನು ದ್ವೇಷಿಸಲು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತು ತನ್ನ ಬುತ್ತಿ ಬಿಚ್ಚುತ್ತಿದ್ದಳು. ಬಿಳಿಯವರು ಬಾಯಿಮಾತಿಗೆ ಬೆಂಚಿಗೆ ಕರೆದರೂ ಹೋಗುತ್ತಿರಲಿಲ್ಲ. ಬೆಂಚಿನ ಮೇಲೂ ಅವಳ ಜಾತಿಗೆ ಜಾಗ ಕಡಿಮೆ ಎನ್ನುವುದು ನನಗೆ ಆಮೇಲೆ ತಿಳಿಯಿತು. ಬಡವರಿಗೆ ಎಸೆದ ಒಂದು ರೊಟ್ಟಿ ಅವಳಿಗೆ ಸಿಕ್ಕಿತ್ತು, ನನಗೆ ಸಿಕ್ಕಿರಲಿಲ್ಲ. ತಪ್ಪು ಅವಳದಲ್ಲ, ಎಸೆದ ಕೈಯದು.

ಅವಳು ಕೆಲಸ ಕಲಿತ ಮೇಲೆ ಮೇಟ್ರನ್ ನನ್ನನ್ನು ಕರೆದಳು. "ನಿನ್ನ ಬ್ಯಾಚ್ ಮುಗಿಯಿತು. ಏಪ್ರನ್ ಒಗೆದು ಒಪ್ಪಿಸು. ಬಾಣಂತನ ಮುಗಿಸಿಕೊಂಡು ಬಾ, ಮುಂದಿನ ಬ್ಯಾಚಿಗೆ ಹಾಕಿಕೊಳ್ಳುತ್ತೇನೆ."

"ಏನು ಕಲಿಯಲು ಬರಬೇಕು?" ಎಂದೆ.

"ಏನೆಂದೆ?"

"ನಾನು ಕಲಿಸಿದವಳು ನೌಕರಿಯಲ್ಲಿದ್ದಾಳೆ. ನಾನು ಇನ್ನೂ ಏನು ಕಲಿಯಬೇಕು, ಹೇಳಿ. ಬರುವುದಿಲ್ಲ ನಾನು."

ಹೇಳಿ ತಿರುಗಿ ನಡೆದೆ. ಹಸಿರು ಏಪ್ರನ್ ಮೈಮೇಲೇ ಇತ್ತು. ಅದನ್ನು ಹಾಕಿಕೊಂಡೇ ಬಸ್ಸು ಹತ್ತಿದೆ. ಯಾವತ್ತೂ ಅದನ್ನು ಗೇಟಿನ ಹೊರಗೆ ತಂದಿರಲಿಲ್ಲ. ಮನೆಗೆ ಬಂದು ಬಿಚ್ಚಿ ಗೂಟಕ್ಕೆ ನೇತು ಹಾಕಿದೆ.

ಏಳನೇ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಬಳೆ ಇಡಿಸಿ, ಹೊಸ ಕುಪ್ಪಸ ತೊಡಿಸಿ, ಅವ್ವ ಟ್ರಂಕಿನಲ್ಲಿ ಬಟ್ಟೆ ತುಂಬತೊಡಗಿದಳು. ಊರಿನ ಅಜ್ಜಿ ಹೇಳಿ ಕಳಿಸಿದ್ದಳು, ಹಂಡೆ ತಿಕ್ಕಿ ಇಟ್ಟೀನಿ ಎಂದು.

"ನಾ ಊರಿಗೆ ಬರಂಗಿಲ್ಲ," ಎಂದೆ.

"ಹುಚ್ಚುಚ್ಚಾರ ಮಾತಾಡಬ್ಯಾಡ. ಚೊಚ್ಚಲ ಹೆರಿಗಿ ತವರುಮನ್ಯಾಗ ಆಗಬೇಕು."

"ಅದು ನಿನ್ನ ತವರುಮನಿ ಬೇ. ನನ್ನ ತವರುಮನಿ ಯಾವ್ದು?"

ಅವ್ವ ಕೈಯಲ್ಲಿದ್ದ ಸೀರೆ ಹಿಡಿದುಕೊಂಡೇ ನಿಂತಳು.

"ನೀ ಎಲ್ಲಿ ಇರ್ತಿ, ಅದ ಅಲ್ಲೇನು ನನ್ನ ತವರು? ನೀ ಇರೂದು ಈ ಗುಡ್ಡದಾಗ. ನಾ ಗಂಡನ ಮನಿಯಿಂದ ಬಂದು ಇಲ್ಲೇ ಹಡೀತೀನಿ. ಪದ್ಧತಿ ಮುರಿಯಾಕತ್ತಿಲ್ಲ ಬೇ. ಮಾಡಾಕತ್ತೇನಿ."

ಅವ್ವ ಗುಡಿಸಲು ನೋಡಿದಳು. ತಗಡಿನ ಛಾವಣಿ, ಕಿಲುಬು ಹಿಡಿದ ಕೊಡ, ಬಾಗಿಲಿಗೆ ಗೋಣಿಚೀಲ. ಇಪ್ಪತ್ತೈದು ವರ್ಷ ಅದರಲ್ಲಿದ್ದರೂ ಅದು ಯಾರದಾದರೂ ತವರುಮನೆ ಆಗಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ. "ಇದ್ಯಾವ ತವರುಮನಿ ಬಿಡು. ಜಳಕಾ ಮಾಡಸಾಕ ಜಾಗಿಲ್ಲ," ಎಂದು ಅಳತೊಡಗಿದಳು. ನಾನೂ ಅತ್ತೆ. ಆಮೇಲೆ ಅವಳು ಟ್ರಂಕಿನಿಂದ ಬಟ್ಟೆ ಒಂದೊಂದಾಗಿ ಹೊರಗೆ ತೆಗೆದಳು.

ಹೆರಿಗೆಗೆ ಅದೇ ಆಸ್ಪತ್ರೆಗೆ ಹೋದೆ. ದಾಖಲೆಯಿಲ್ಲದೆ ಗುಡಿಸಲಿನಲ್ಲಿ ಹೆತ್ತು ಇನ್ನೊಬ್ಬ ಗಣಪ್ಪನನ್ನು ಮಾಡುವ ಇಚ್ಛೆ ನನಗಿರಲಿಲ್ಲ. ನಾನು ಒರೆಸಿದ ನೆಲ, ನಾನು ತಿಕ್ಕಿದ ಮೇಜು. ನೋವು ಬಂದಾಗ ಕಿರುಚಿದೆ. "ಈ ಘಾಂಟಿಗಳದ್ದು ಗಂಟಲೇ ದೊಡ್ಡದು," ಎಂದು ಮೇಟ್ರನ್ ತೊಡೆಗೆ ಹೊಡೆದಳು. ಅವಳು ಹೀಗೆ ಹೊಡೆಯುವುದನ್ನು ನಾನು ಎಷ್ಟೋ ಸಲ ಬಕೇಟು ಹಿಡಿದು ನೋಡಿದ್ದೆ. ಈಗ ತೊಡೆ ನನ್ನದು. ಜೈನಬಕ್ಕ ಹಸಿರು ಏಪ್ರನ್ನಿನಲ್ಲಿ ತಲೆಯ ಹತ್ತಿರ ನಿಂತಿದ್ದಳು. "ಒದರವ್ವ, ಇನ್ನೂ ಒದರು," ಎಂದು ನನ್ನ ಕಿವಿಯಲ್ಲಿ ಹೇಳಿದಳು. ಒದರಿದೆ. ಹೆಣ್ಣು ಹುಟ್ಟಿತು.

ಮನೆಗೆ ಕಳಿಸುವ ದಿನ ಬೆಳಿಗ್ಗೆ ಅದೇ ಗುಮಾಸ್ತ ರಿಜಿಸ್ಟರ್ ಹಿಡಿದು ಬಂದ. ಕೂಸಿನ ಜನನ ಬರೆಯಬೇಕು, ಜೊತೆಗೆ ತಾಯಿಯ ಊರೂ.

"ಊರು?"

"ಮಂಗೋರ್ ಹಿಲ್."

"ಅದು ಇರುವ ಜಾಗ. ಊರು ಯಾವುದು?"

"ಮಂಗೋರ್ ಹಿಲ್."

ಅವನು ನನ್ನ ಮುಖ ನೋಡಿದ, ಗುರುತು ಹಿಡಿದ. "ನೀನು ಬಿಜಾಪುರದವಳಲ್ಲವೇ," ಎಂದು ತಾನೇ ಬರೆಯಲು ಹೊರಟ. ನಾನು ರಿಜಿಸ್ಟರಿನ ಮೇಲೆ ಅಂಗೈ ಇಟ್ಟೆ. ಪೆನ್ನು ನನ್ನ ಉಗುರಿಗೆ ತಾಗಿ ನಿಂತಿತು.

"ಕೈ ತೆಗೆ."

"ಮಂಗೋರ್ ಹಿಲ್ ಎಂದು ಬರೆಯುವುದಾದರೆ ತೆಗೆಯುತ್ತೇನೆ. ಇಲ್ಲವಾದರೆ ಹಾಸಿಗೆ ಬಿಡುವುದಿಲ್ಲ."

ಮೇಟ್ರನ್ ಬಂದಳು. ಹಾಸಿಗೆಗಳು ಎಷ್ಟು ಕಡಿಮೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಹೊರಗೆ ಇಬ್ಬರು ಬಸುರಿಯರು ನೆಲದ ಮೇಲೆ ಕೂತಿದ್ದರು. ಅವರನ್ನು ನೋಡಿ ನನಗೆ ಸಂಕಟವಾಯಿತು. ಆದರೂ ಏಳಲಿಲ್ಲ. ನಾನು ಯಾವಾಗಲೂ ಇನ್ನೊಬ್ಬರ ಸಂಕಟ ನೋಡಿ ಎದ್ದವಳು, ಎದ್ದು ಎದ್ದೇ ಇಲ್ಲಿಗೆ ಬಂದು ಮುಟ್ಟಿದ್ದೆ.

"ನಿಮ್ಮ ಜನ ಹೆರಲು ತವರಿಗೆ ಹೋಗುತ್ತಾರಲ್ಲ," ಎಂದ ಗುಮಾಸ್ತ, ಇಂಟರ್‌ವ್ಯೂನಲ್ಲಿ ನಾನೇ ಹೇಳಿದ ಮಾತನ್ನು ನೆನಪಿಟ್ಟು. "ನೀನೇಕೆ ಹೋಗಲಿಲ್ಲ?"

ಕೊಂಕಣಿಯಲ್ಲಿ ತವರಿಗೆ ಕುಳಾರ ಎನ್ನುತ್ತಾರೆ. ಅದೇ ಮಾತಿನಲ್ಲಿ ಹೇಳಿದೆ. "ಕುಳಾರಕ್ಕೇ ಬಂದಿದ್ದೇನೆ. ನನ್ನ ಕುಳಾರ ಇದೇ. ನನ್ನ ಅವ್ವನ ಮನೆ ಮಂಗೋರ್ ಹಿಲ್‌ನಲ್ಲಿದೆ. ಅಲ್ಲ ಎನ್ನುವವರು ಅವ್ವನ ಎದುರಿಗೆ ಹೇಳಿ, ಹೊರಗೆ ಕೂತಿದ್ದಾಳೆ."

"ಶೇವಂತಿ, ಚಾದರ ಎಳೆ," ಎಂದಳು ಮೇಟ್ರನ್.

ಶೇವಂತಿ ಬಂದು ಚಾದರದ ಅಂಚು ಹಿಡಿದಳು. ಹಾಸಿಗೆಯಲ್ಲಿ ಮನುಷ್ಯರಿರುವಾಗಲೇ ಚಾದರ ಬದಲಿಸುವುದು ಹೇಗೆಂದು ಅವಳಿಗೆ ಕಲಿಸಿದವಳು ನಾನೇ. ಎಳೆದರೆ ನಾನು ಉರುಳುತ್ತೇನೆ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಎಳೆಯಲಿಲ್ಲ. ಬಿಡಲೂ ಇಲ್ಲ. ಅಂಚು ಹಿಡಿದುಕೊಂಡೇ, ತಲೆ ತಗ್ಗಿಸಿ, "ಮೇಟ್ರನ್‌ಬಾಯಿ, ನಾನೂ ಕುಳಾರದಲ್ಲೇ ಹೆತ್ತದ್ದು," ಎಂದಳು.

ಜೈನಬಕ್ಕ ಮಾಸಿನ ಬಕೇಟನ್ನು ವಾರ್ಡಿನ ನಡುವೆ ಕೆಳಗಿಟ್ಟಳು. ಇಟ್ಟು ಅಲ್ಲೇ ನಿಂತಳು. ವಾಸನೆ ಏರತೊಡಗಿತು. ಯಾರೂ ಅದನ್ನು ಎತ್ತಲಿಲ್ಲ. ಗುಮಾಸ್ತ ಮೂಗಿಗೆ ಕರವಸ್ತ್ರ ಹಿಡಿದ, ಮೇಟ್ರನ್ ಕಡೆ ನೋಡಿದ, ಮೇಟ್ರನ್ ಕಿಟಕಿಯ ಕಡೆ ನೋಡಿದಳು. ಅವನು ಬರೆದ. ನಾನು ಓದಿ ನೋಡಿದ ಮೇಲೆ ಕೈ ತೆಗೆದೆ, ಕೂಸನ್ನು ಎತ್ತಿಕೊಂಡೆ, ಹಾಸಿಗೆ ಬಿಟ್ಟೆ.

ಹಿಂದಿನಿಂದ ಮೇಟ್ರನ್ ಹೇಳಿದಳು, "ಬರೆದರೆ ಏನಾಯಿತು? ಇವಳು ದೊಡ್ಡವಳಾಗುವ ಹೊತ್ತಿಗೆ ಬೇರೆ ಏನೋ ಕೇಳುತ್ತಾರೆ." ಅವಳ ಮಾತು ಸುಳ್ಳಾಗಲಿ ಎಂದುಕೊಂಡೆ. ಆದರೆ ನನಗೆ ನಂಬಿಕೆಯಿಲ್ಲ. ಇವತ್ತಿಗೂ ಇಲ್ಲ.

ಅವ್ವ ಗುಡಿಸಲಿನ ಹಿಂದೆ ತಗಡು ಒರಗಿಸಿ ಜಳಕದ ಮರೆ ಮಾಡಿದಳು. ಪಕ್ಕದ ಮನೆಯಿಂದ ಹಂಡೆ ಎರವಲು ತಂದು ಮೂರು ಕಲ್ಲಿನ ಮೇಲೆ ನೀರು ಕಾಯಿಸಿದಳು. ಕೂಲಿಗೆ ಹೋಗದೆ ಉಳಿದಳು. ಎಣ್ಣೆ ಹಚ್ಚಿ, ಚೆಂಬು ಚೆಂಬು ನೀರು ಎರೆದು, ಹೊದಿಸಿ ಮಲಗಿಸಿದಳು. ನನ್ನನ್ನು ಯಾರೂ ಏಳು ಎನ್ನಲಿಲ್ಲ.

ತಿಂಗಳ ಮೇಲೆ ಜೈನಬಕ್ಕ ಬಂದಳು. ಮೈಮೇಲೆ ಹಸಿರು ಏಪ್ರನ್ ಇರಲಿಲ್ಲ, ಆದರೆ ಕೈಯಲ್ಲಿ ಫಿನೈಲಿನ ವಾಸನೆ ಇತ್ತು. ಬಕೇಟು ಇಟ್ಟದ್ದಕ್ಕೆ ಹದಿನೈದು ದಿನದ ಸ್ಟೈಪೆಂಡ್ ಕಟ್ ಮಾಡಿದ್ದರು. ಹೊಸ ಬ್ಯಾಚಿಗೆ ಮತ್ತೆ ಸೇರಿಕೊಂಡಿದ್ದಳು. ಗಂಡ ಮಹಮ್ಮದ ಲಾರಿಯಿಂದ ಬಿದ್ದು ಮನೆಯಲ್ಲಿದ್ದ, ಮೂರು ಮಕ್ಕಳು. ಅವಳಿಗೆ ಬಿಡುವ ಸೌಕರ್ಯವಿರಲಿಲ್ಲ. ಅದಕ್ಕೆ ಏನಾದರೂ ಅನ್ನುವ ಹಕ್ಕು ನನಗಿಲ್ಲ.

"ಬಾಳವ್ವ, ಮೇಟ್ರನ್ ಕಳಿಸ್ಯಾಳ. ನಿನ್ನ ಜಾಗಾ ಇನ್ನೂ ಖಾಲಿ ಐತಂತ. ಬರ್ತೀ ಏನು ಕೇಳು ಅಂದ್ಲು. ಬರೂದಿಲ್ಲಂದ್ರ ಏಪ್ರನ್ನಾದ್ರೂ ಕೊಡಬೇಕಂತ. ಸರಕಾರದ್ದು ಅದು."

ನಾನು ಮರೆಯ ಆಚೆ ಕಟ್ಟಿದ್ದ ಹಗ್ಗ ತೋರಿಸಿದೆ. ಏಪ್ರನ್ ಅಲ್ಲೇ ಇತ್ತು. ಒಂದಲ್ಲ, ಆರು ತುಂಡು. ಗಟ್ಟಿ ಬಟ್ಟೆ, ಚೆನ್ನಾಗಿ ಹೀರುತ್ತದೆ. ಅವ್ವ ಅಂಚು ಮಡಚಿ ಹೊಲಿದಿದ್ದಳು. ಕೂಸು ದಿನಾ ಸರಕಾರದ ಬಟ್ಟೆಯ ಮೇಲೆ ಉಚ್ಚೆ ಹೊಯ್ಯುತ್ತಿತ್ತು.

ಜೈನಬಕ್ಕ ಆ ಹಗ್ಗವನ್ನು ನೋಡಿದಳು. ಮೊದಲು ನಕ್ಕಳು. ಆಮೇಲೆ ಹೋಗಿ ಒಂದು ತುಂಡನ್ನು ಮುಟ್ಟಿ ನೋಡಿದಳು, ಜೇಬಿನ ಹತ್ತಿರದ ಹೊಲಿಗೆ ಇದ್ದ ತುಂಡು.

"ಆಕಿಗಿ ನಾ ಏನಂತ ಹೇಳ್ಲಿ?" ಎಂದು ಕೇಳಿದಳು.

"ಒಗದ ಹಾಕ್ಯಾಳ, ಇನ್ನೂ ಒಣಗಿಲ್ಲ ಅಂತ ಹೇಳು," ಎಂದೆ.